ನಿಮಿಷಕ್ಕೆ ಅರವತ್ತು ಹನಿ

ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದು ನಿಂತಿತು, ಒಳಗೆ ಬರಲಿಲ್ಲ, ಯಾಕೆ ಬರಲಿಲ್ಲ, ಕೆಲಸವಿದ್ದವಳು ನೇರವಾಗಿ ಬರುತ್ತಾಳೆ, ಹೊರಗೆ ನಿಂತು ಒಳಗಿನವರು ಎಚ್ಚರವೋ ನಿದ್ದೆಯೋ ಎಂದು ಅಳೆಯುವವಳ ಮನಸ್ಸಿನಲ್ಲಿ ಬೇರೇನೋ ಇರುತ್ತದೆ, ಎಂದುಕೊಂಡ ಕಾತ್ಯಾಯನಿ ಕುರ್ಚಿಯಲ್ಲಿ ಕತ್ತು ವಾಲಿಸಿ, ಕಣ್ಣು ಅರೆ ಮುಚ್ಚಿ, ನಿದ್ದೆ ಹತ್ತಿದವಳ ಹಾಗೆ ಉಸಿರು ಬಿಟ್ಟಳು — ರೆಪ್ಪೆಯ ಸಂದಿಯಿಂದ ಎಲ್ಲ ಕಾಣುತ್ತದೆ, ಅಪ್ಪನ ಮಂಚ, ಕಬ್ಬಿಣದ ಕೋಲಿಗೆ ತೂಗುವ ಸಲೈನ್ ಬಾಟಲಿ, ಅದರ ಕೊಳವೆಯನ್ನು ಕಚ್ಚಿಕೊಂಡು ಹನಿ ಎಣಿಸುವ, ತಾನೇ ಕಟ್ಟಿದ ಯಂತ್ರ, ಯಂತ್ರದ ಮುಖದ ಮೇಲೆ ಹಸಿರು ಅಂಕಿ, ಅರವತ್ತು. ಅರವತ್ತು ಸರಿ. ನಿಮಿಷಕ್ಕೆ ಅರವತ್ತು ಹನಿ ಎಂದು ಡಾಕ್ಟರ್ ಸುಜಯ್ ಬೆಳಿಗ್ಗೆ ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದು ಹೋಗಿದ್ದಾನೆ, ಕಡಿಮೆಯಾದರೆ ಕಿಡ್ನಿ ಚೇತರಿಸಿಕೊಳ್ಳುವುದಿಲ್ಲ, ಹೆಚ್ಚಾದರೆ ಎಪ್ಪತ್ತೊಂದರ ಹೃದಯ ತಾಳುವುದಿಲ್ಲ, ಶ್ವಾಸಕೋಶಕ್ಕೆ ನೀರು ಏರುತ್ತದೆ, ನೋಡ್ರಿ ಮೇಡಂ, ಸಂಜೆ ನಾಲ್ಕರೊಳಗೆ ಮೂತ್ರ ಬರ್ಬೇಕು, ಬರ್ಲಿಲ್ಲ ಅಂದ್ರೆ ಡಯಾಲಿಸಿಸ್‌ಗೆ ಕಳ್ಸೋದೇ, ಬೇರೆ ದಾರಿ ಇಲ್ರಿ. ಈಗ ಒಂದು ಗಂಟೆ. ಮಂಚದ ಕೆಳಗಿನ ಚೀಲದಲ್ಲಿ ಎರಡು ಬೆರಳಿನಷ್ಟೂ ಇಲ್ಲ, ಇರುವುದೂ ಚಹಾದ ಬಣ್ಣಕ್ಕಿದೆ. ವಿಶ್ವನಾಥ ಗಲ್ಲಿಯ ಹಿಂದಿನ ಮನೆಯಲ್ಲಿ ಮೂರು ತಲೆಮಾರಿನಿಂದ ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುತ್ತ ಬಂದ ವಂಶದ ಅಪ್ಪ, ಗಣಪತಿ ಭಟ್ಟರು, ಈ ಜೂನ್ ಬಿಸಿಲಿನಲ್ಲಿ ರಾಣೆಬೆನ್ನೂರಿನ ಮೂವತ್ತು ಜನರಿಗೆ ಘಾಟಿನ ಕಾದ ಕಲ್ಲಿನ ಮೇಲೆ ಪಿಂಡ ಹಾಕಿಸಿ, ಯಾರೋ ಕೊಟ್ಟ ಶರಬತ್ತು ಕುಡಿದು, ಎರಡು ದಿನ ಹೊಟ್ಟೆ ಕೆಟ್ಟದ್ದನ್ನು ಮನೆಯವರಿಂದ ಬಚ್ಚಿಟ್ಟು, ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕುಸಿದಿದ್ದರು, ಬಚ್ಚಿಡುವುದು ಈ ಮನೆಯ ಗಂಡಸರ ರೋಗ, ಅನುಮಾನ ಹೆಂಗಸರದು ಎಂದು ಅಮ್ಮ ಹೇಳುವುದುಂಟು.

ಮೂರು ಸಲ. ಬೆಳಿಗ್ಗೆಯಿಂದ ಮೂರು ಸಲ ಯಾರೋ ಕೊಳವೆಯ ನೀಲಿ ಚಕ್ರ ತಿರುಗಿಸಿದ್ದಾರೆ, ಯಾರೋ ಯಾಕೆ, ರೇಖಾ, ಈ ವಾರ್ಡಿನ ನರ್ಸು, ಬಾಗಿಲ ಹೊರಗೆ ನಿಂತಿರುವವಳು ಅವಳೇ. ಚಕ್ರವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಹನಿ ಜೋರು, ಕೆಳಕ್ಕೆ ತಳ್ಳಿದರೆ ನಿಧಾನ, ಅಷ್ಟೇ ವಿದ್ಯೆ. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಕಾತ್ಯಾಯನಿ ತಾನೇ ಯಂತ್ರವನ್ನು ಸಿಕ್ಕಿಸಿ, ಅಂಕಿ ಅರವತ್ತಕ್ಕೆ ನಿಲ್ಲುವವರೆಗೆ ಚಕ್ರ ಹೊಂದಿಸಿದ್ದಳು, ಕೆಳಗಿಳಿದು ಆಸ್ಪತ್ರೆಯ ಎದುರಿನ ಲಂಕಾ ಚೌಕದ ಮೂಲೆಯಲ್ಲಿ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಯಂತ್ರ ಕೆಂಪಾಗಿ ಕೂಗುತ್ತಿತ್ತು, ನೂರಾಹದಿನೆಂಟು. ತಾನೇ ಕೆಳಕ್ಕೆ ತಳ್ಳಿ ಅರವತ್ತಕ್ಕೆ ತಂದಳು. ಹತ್ತೂವರೆಗೆ ಅಮ್ಮನ ಫೋನು ಬಂತೆಂದು ಹೊರಗೆ ಹೋದಾಗ ನೂರಾಇಪ್ಪತ್ತು, ಮತ್ತೆ ಇಳಿಸಿದಳು. ಹನ್ನೊಂದೂ ಮುಕ್ಕಾಲಿಗೆ ಇದೇ ಕುರ್ಚಿಯಲ್ಲಿ ಕಣ್ಣು ಅಂಟಿದ್ದು ಐದು ನಿಮಿಷವಿರಬಹುದು, ಮತ್ತೆ ನೂರಾಇಪ್ಪತ್ತು, ಕಣ್ಣು ಬಿಟ್ಟರೆ ರೇಖಾ ಕೈ ಹಿಂದೆಗೆದುಕೊಳ್ಳುತ್ತಿದ್ದಾಳೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಕೇಳಿದರೆ ಮುಚ್ಚುಮರೆಯಿಲ್ಲ, ದೀದಿ, ಡಾಕ್ಟರ್ ಸಾಹಬ್ ಸಾಠ್ ಲಿಖೇ ಹೈಂ, ಹಮ್ ಘಡಿ ದೇಖ್ ಕೇ ಸಾಠ್ ಕಿಯೇ ಹೈಂ, ಆಪ್ ಕಾ ಡಿಬ್ಬಾ ಗಡ್‌ಬಡ್ ಹೈ — ಗಡಿಯಾರ ನೋಡಿ ಅರವತ್ತು ಮಾಡಿದ್ದಾಳಂತೆ, ಡಬ್ಬಿಯದೇ ತಪ್ಪಂತೆ. ಸೆಕೆಂಡು ಮುಳ್ಳು ಕುಂಟುವ ಗಡಿಯಾರ ಅವಳದು, ಎರಡು ಕಣ್ಣು ಹದಿನಾಲ್ಕು ಮಂಚಕ್ಕೆ, ಅವಳ ಲೆಕ್ಕ ಸರಿಯಂತೆ, ಮೈಕ್ರೋಸೆಕೆಂಡಿನ ಲೆಕ್ಕ ಬರೆದಿಡುವ ಯಂತ್ರ ಸುಳ್ಳಂತೆ. ನಿಜ ಸಂಗತಿ ಕಾತ್ಯಾಯನಿಗೆ ಗೊತ್ತಿದೆ, ಎರಡು ಗಂಟೆಗೆ ಪಾಳಿ ಮುಗಿಯುತ್ತದೆ, ಅಷ್ಟರೊಳಗೆ ಬಾಟಲಿ ಖಾಲಿ ಮಾಡಿ ಕೈ ತೊಳೆದುಕೊಳ್ಳಬೇಕು, ಮುದುಕನ ಶ್ವಾಸಕೋಶ ಏನಾದರೂ ಆಗಲಿ.

ಯಂತ್ರ ಸುಳ್ಳು ಹೇಳುವುದಾದರೂ ಹೇಗೆ, ಅದಕ್ಕೆ ಸ್ವಂತ ಬುದ್ಧಿ ಎಲ್ಲಿದೆ. ಕಾಯುವುದರಲ್ಲಿ ಎರಡು ಬಗೆ ಎಂದು ತನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅವಳು ಪ್ರತಿ ವರ್ಷ ಹೇಳುತ್ತಾಳೆ, ಒಂದು, ಕ್ಷಣಕ್ಕೊಮ್ಮೆ ಎದ್ದು ಹೋಗಿ ಬಂತಾ ಬಂತಾ ಎಂದು ಬಾಗಿಲು ನೋಡಿ ಬರುವುದು, ಇನ್ನೊಂದು, ನೆಮ್ಮದಿಯಾಗಿ ನಿದ್ದೆ ಮಾಡಿ, ಬಂದವರು ಭುಜ ತಟ್ಟಿದಾಗ ಏಳುವುದು, ಎರಡನೆಯದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಅಂಗೈಯಗಲದ ಲಿನಕ್ಸ್ ಬೋರ್ಡು ನಿದ್ದೆಯಲ್ಲಿರುತ್ತದೆ, ಕೊಳವೆಯ ಬುಡದ ಪಾರದರ್ಶಕ ಗುಳ್ಳೆಯ ಆಚೆ ಕಣ್ಣಿಗೆ ಕಾಣದ ಬೆಳಕು, ಈಚೆ ಅದನ್ನು ನೋಡುವ ಕಣ್ಣು, ಮೇಲಿನ ತುದಿಯಲ್ಲಿ ಹನಿ ಕೂಡುತ್ತದೆ, ತುಂಬುತ್ತದೆ, ತೂಗುತ್ತದೆ, ಬಿಡುತ್ತದೆ, ನಡುವೆ ಬೆಳಕು ತಡೆಯುತ್ತದೆ, ಹದಿನೇಳನೆಯ ಪಿನ್ನಿನ ವೋಲ್ಟೇಜು ಬೀಳುತ್ತದೆ, ಆ ಬೀಳುವಿಕೆ ಪ್ರೊಸೆಸರಿನ ಭುಜ ತಟ್ಟುತ್ತದೆ, ಮಾಡುವುದನ್ನು ಬಿಟ್ಟು ಏಳು, ಒಂದು ಹನಿ ಬಂತು, ಹೊತ್ತು ಬರೆದುಕೋ, ಮಲಗು. ಹನಿ ದಾಟಿದ ಮೇಲೆ ಬೆಳಕು ಮರಳುತ್ತದೆ, ವೋಲ್ಟೇಜು ಏರುತ್ತದೆ. ಯಾವಾಗ ಏಳಬೇಕು, ಬಿದ್ದಾಗಲೋ ಏರಿದಾಗಲೋ, ಅದನ್ನು ಯಂತ್ರ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಬರೆದಿಡಬೇಕು, ಮೂರು ವರ್ಷದ ದುಡಿಮೆಯ ನಟ್ಟನಡುವಿನ ಸಾಲು ಅದು. ಮೊದಲು ಅವಳು ಬಿದ್ದಾಗ ಎಂದಷ್ಟೇ ಬರೆದಿದ್ದಳು. ಕಳೆದ ಭಾನುವಾರ ಮನೆಯಲ್ಲಿ ಪರೀಕ್ಷೆ ಮಾಡಿದಾಗ ಎಡವಟ್ಟು ಬೆಳಕಿಗೆ ಬಂತು, ದೇವರ ಕೋಣೆಯಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಗೆ ಯಂತ್ರ ಕಟ್ಟಿದಳು, ಬೇಸಿಗೆಯಲ್ಲಿ ಹಗಲಿಡೀ ಹನಿ ಬೀಳುವ ಜಾಗ ಮನೆಯಲ್ಲೇ ಇರುವಾಗ ಪ್ರಯೋಗಾಲಯ ಯಾಕೆ, ಅಪ್ಪ ಎದುರಿಗೆ ಕೂತು ಜಪಮಣಿ ತಿರುಗಿಸುತ್ತ ಲೆಕ್ಕ ಹಿಡಿದರು, ಎಷ್ಟಾಯ್ತಪ್ಪ ಅಂದರೆ ಒಂದು ಸುತ್ತು ಪೂರ್ತಿ ಅಂದರು, ನೂರೆಂಟು, ಯಂತ್ರದಲ್ಲಿ ಐವತ್ತನಾಲ್ಕು. ಇನ್ನೊಮ್ಮೆ, ಮತ್ತೆ ನೂರೆಂಟು, ಮತ್ತೆ ಐವತ್ತನಾಲ್ಕು. ಅರ್ಧಕ್ಕರ್ಧ ಹನಿ ನುಂಗುತ್ತಿದೆ ಎಂದು ತಲೆ ಬಿಸಿಯಾಯಿತು, ಎದ್ದ ಪ್ರೊಸೆಸರು ಬೇಗ ಮಲಗುತ್ತಿಲ್ಲವೇನೋ ಎಂದು ಅನುಮಾನಿಸಿ ಎದ್ದಾಗ ಮಾಡುವ ಕೆಲಸವನ್ನು ಚೂರು ಮಾಡಿ ಉಳಿದದ್ದನ್ನು ಬೇರೆ ಥ್ರೆಡ್ಡಿಗೆ ಹಾಕಿದಳು, ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಅನುಮಾನಿಸಿದಳು, ಸೆನ್ಸರ್ ಮಾರಿದವನನ್ನು ಅನುಮಾನಿಸಿದಳು, ಕೊನೆಗೆ ಆ ಸಾಲಿನಲ್ಲಿ ಬಿದ್ದಾಗ ಎಂಬುದರ ಪಕ್ಕ ಒಂದು ಲಂಬ ಗೆರೆ ಎಳೆದು ಏರಿದಾಗಲೂ ಎಂದು ಸೇರಿಸಿದಳು, ಬಿದ್ದಾಗ ತಪ್ಪಿಸಿಕೊಂಡ ಹನಿ ಏರುವಾಗಲಾದರೂ ಸಿಕ್ಕಿಬೀಳಲಿ ಎಂದು. ನೂರೆಂಟಕ್ಕೆ ನೂರೆಂಟು ಬಂತು. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿ ಅಂದು ಅವಳು ಎರಡು ಸಲ ಬಡಿಸಿಕೊಂಡು ಉಂಡಿದ್ದಳು.

ಅಥವಾ ಸುಜಯ್. ಅದನ್ನೂ ಯೋಚಿಸಬೇಕು, ಯೋಚಿಸದೆ ಒಮ್ಮೆ ಕೆಟ್ಟದ್ದು ಸಾಕು. ದಾವಣಗೆರೆಯವನು, ಊರು ಬಿಟ್ಟು ಊರಲ್ಲಿ ಕನ್ನಡ ಕೇಳಿದರೆ ಜೀವ ಬಂದಂತಾಗುತ್ತೆ ರೀ ಎನ್ನುತ್ತ ಅಸ್ಸಿ ಘಾಟಿನಲ್ಲಿ ಸಿಕ್ಕಿದಾಗಲೆಲ್ಲ ಚಹಾ ಕೊಡಿಸುವವನು, ಹೋದ ತಿಂಗಳು ನಗುತ್ತ ಕೇಳಿದ, ನಿಮ್ಮ ಕೋಡ್ ಸ್ವಲ್ಪ ನೋಡ್ಬಹುದಾ ಮೇಡಂ, ಸುಮ್ನೆ ಕುತೂಹಲಕ್ಕೆ. ಕುತೂಹಲಕ್ಕೆ ಯಾರೂ ಡ್ರೈವರ್ ಓದುವುದಿಲ್ಲ. ಹಿಂದೆ ಇನ್ನೊಬ್ಬ ಪ್ರೊಫೆಸರು ಹೀಗೇ ಸುಮ್ಮನೆ ನೋಡಿ, ಆರು ತಿಂಗಳ ನಂತರ ಅವಳ ಸರ್ಕೀಟನ್ನು ತನ್ನ ಹೆಸರಿನಲ್ಲಿ ಸಮ್ಮೇಳನದಲ್ಲಿ ಓದಿದ್ದ, ಅವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಳು, ಎಲ್ಲರೂ ತಟ್ಟುವಾಗ ತಾನೊಬ್ಬಳು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು, ಆ ಚಪ್ಪಾಳೆಯ ಉರಿ ಅಂಗೈಯಲ್ಲಿ ಇವತ್ತಿಗೂ ಇದೆ. ಅಂದಿನಿಂದ ಅವಳು ಪ್ರತಿಯೊಂದಕ್ಕೂ ಸಾಕ್ಷಿ ಇಡುತ್ತಾಳೆ, ಯಂತ್ರದಲ್ಲೂ ಪ್ರತಿ ಇಂಟರಪ್ಟಿನ ಹೊತ್ತನ್ನು ಲಾಗು ಎಂಬ ದಾಖಲೆಯಲ್ಲಿ ಬರೆದಿಡುವ ಹಾಗೆ ಮಾಡಿದ್ದಾಳೆ, ಯಾರೂ ಅಳಿಸಲಾರರು. ಇನ್ನೂ ಅನುಮತಿ ಸಿಗದ ಯಂತ್ರವನ್ನು ಅಪ್ಪನಿಗೆ ಹಾಕುತ್ತೇನೆ ಎಂದಾಗ ಸುಜಯ್ ಒಂದು ಕ್ಷಣ ಸುಮ್ಮನಿದ್ದು, ನಿಮ್ಮ ತಂದೆ, ನಿಮ್ಮ ಜವಾಬ್ದಾರಿ, ಆದ್ರೆ ಸಿಸ್ಟರ್ ಕೂಡ ನೋಡ್ತಿರ್ಲಿ ಎಂದನಲ್ಲ, ಆ ಒಂದು ಕ್ಷಣದಲ್ಲಿ ಅವನು ಏನು ಎಣಿಸಿದ. ಯಂತ್ರ ಸೋತರೆ ತಿದ್ದಿ ತನ್ನದೆನ್ನಬಹುದು, ಅವನಿಗೆ ಲಾಭ, ಯಂತ್ರ ಗೆದ್ದರೂ ಇಬ್ಬರೂ ಸೇರಿ ಬರೆಯುವ ಪ್ರಬಂಧದಲ್ಲಿ ಎರಡನೆಯ ಹೆಸರು ಅವನದೇ. ಸಿಸ್ಟರ್ ಕೂಡ ನೋಡ್ತಿರ್ಲಿ ಎಂದರೆ ರೇಖಾಳಿಗೆ ಅವನೇ ಏನಾದರೂ ಹೇಳಿರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ಕಾತ್ಯಾಯನಿಗೂ ಆ ಗಾದೆ ಗೊತ್ತಿದೆ, ಆದರೆ ಕೆಲವು ವಸ್ತುಗಳು ನಿಜವಾಗಿಯೂ ಹಳದಿಯೇ ಇರುತ್ತವೆ.

ಬಾಟಲಿಯದೂ ಹಾಗೇ. ಐನೂರು ಎಂಎಲ್, ಎಂಎಲ್ಲಿಗೆ ಇಪ್ಪತ್ತು ಹನಿ, ನಿಮಿಷಕ್ಕೆ ಅರವತ್ತರ ಲೆಕ್ಕದಲ್ಲಿ ಹನ್ನೆರಡಕ್ಕೆ ಮುಂಚೆಯೇ ಮುಗಿಯಬೇಕಿತ್ತು, ಹನ್ನೆರಡಕ್ಕೆ ನೋಡಿದರೆ ಹೆಚ್ಚುಕಡಿಮೆ ಅರ್ಧ ಬಾಟಲಿ ಉಳಿದಿದೆ, ಈಗ ಒಂದಕ್ಕೂ ಕಾಲು ಭಾಗ ಇದೆ. ಹಾಗಾದರೆ ನಡುವೆ ಬಾಟಲಿ ಬದಲಾಗಿದೆ, ಜೋರಾಗಿ ಬಿಟ್ಟದ್ದನ್ನು ಮುಚ್ಚಿಡಲು ಖಾಲಿಯಾದದ್ದನ್ನು ತೆಗೆದು ಬೇರೊಬ್ಬರ ಅರ್ಧ ಬಾಟಲಿ ತೂಗುಹಾಕಿದ್ದಾಳೆ, ಇಲ್ಲದಿದ್ದರೆ ಲೆಕ್ಕ ಕೂಡುವುದೇ ಇಲ್ಲ. ಬೆಳಿಗ್ಗೆಯೇ ಫೋನಿನಲ್ಲಿ ಬಾಟಲಿಯ ಚಿತ್ರ ತೆಗೆದಿಟ್ಟಿದ್ದಳು, ಯಾಕೆ ತೆಗೆದಳೋ, ತೆಗೆಯುವುದು ಅಭ್ಯಾಸ, ಈಗ ನಿದ್ದೆಯ ನಟನೆ ಬಿಟ್ಟು ಎದ್ದುಹೋಗಿ ಬಾಟಲಿಯ ಮೇಲಿನ ಚೀಟಿಯ ಸಂಖ್ಯೆಗೆ ಸಂಖ್ಯೆ ಹೋಲಿಸಿದಳು, ಅದೇ ಸಂಖ್ಯೆ, ಮೂಲೆಯಲ್ಲಿ ಹರಿದ ಚೀಟಿಯೂ ಅದೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಅದೇ ಬಾಟಲಿಗೆ ಸಿರಿಂಜಿನಿಂದ ನೀರು ತುಂಬಿರಬಹುದೇ, ರಬ್ಬರ್ ಮುಚ್ಚಳದಲ್ಲಿ ತೂತೇನಾದರೂ ಇದೆಯೇ ಎಂದು ಕತ್ತೆತ್ತಿ ನೋಡಿದಳು, ಯಾವ ನರ್ಸು ಯಾಕೆ ಅಂಥ ಕೆಲಸಕ್ಕೆ ಕೈ ಹಾಕುತ್ತಾಳೆ ಎಂದು ಕೇಳಿಕೊಳ್ಳುವ ವ್ಯವಧಾನ ಅವಳಿಗೆ ಇರಲಿಲ್ಲ. ಕಿಟಕಿಯ ಜಾಲರಿಗೆ ಕೋತಿಯೊಂದು ನೇತುಬಿದ್ದು ಮಂಚದ ಪಕ್ಕದ ಮೋಸಂಬಿಯನ್ನೇ ನೋಡುತ್ತಿತ್ತು, ಕೆಳಗೆ ಟೋಟೋ ರಿಕ್ಷಾಗಳ ಹಾರ್ನು, ಕೋಚಿಂಗ್ ಬಿಟ್ಟು ಬಂದ ಹುಡುಗರ ಗಲಾಟೆ, ಫ್ಯಾನು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಎತ್ತಿ ಇನ್ನೊಂದಕ್ಕೆ ಹಾಕುತ್ತಿತ್ತು, ಅವಳು ಮತ್ತೆ ಬಂದು ಕೂತಳು.

ಚಪ್ಪಲಿ ಒಳಗೆ ಬಂತು. ಕಾತ್ಯಾಯನಿ ಕೂತೇ ಇದ್ದಳು, ರೇಖಾ ಅವಳ ಕಡೆ ನೋಡದೆ ಮೊದಲು ಬಗ್ಗಿ ಮೂತ್ರದ ಚೀಲ ನೋಡಿದಳು, ಅಪ್ಪನ ಕೈಯ ಚರ್ಮ ಚಿವುಟಿ ಎತ್ತಿ ಬಿಟ್ಟಳು, ಅದು ಎತ್ತಿದ ಹಾಗೇ ಸ್ವಲ್ಪ ಹೊತ್ತು ನಿಂತಿತು, ಬಾಯಲ್ಲಿ ಚ್ ಎಂದಳು. ಮೇಟ್ರನ್ ಬುಲಾಯೀ ಹೈಂ, ಲಿಖ್ ಕೇ ದೇನಾ ಹೈ, ಎಂದಳು, ಮೇಟ್ರನ್ ಕರೆದಿದ್ದಾಳಂತೆ, ಬರೆದು ಕೊಡಬೇಕಂತೆ, ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಒಳ್ಳೆಯದಿತ್ತು. ಹನ್ನೆರಡಕ್ಕೆ ಕಾತ್ಯಾಯನಿಯೇ ಸುಜಯ್‌ಗೆ ಸಂದೇಶ ಕಳಿಸಿದ್ದಳು, ನಿಮ್ಮ ನರ್ಸು ಮೂರು ಸಲ ಹನಿಯ ವೇಗ ದುಪ್ಪಟ್ಟು ಮಾಡಿದ್ದಾಳೆ, ನನ್ನ ಬಳಿ ಲಾಗಿನ ಸಾಕ್ಷಿ ಇದೆ, ಇವಳು ನನ್ನ ತಂದೆಯ ಹತ್ತಿರ ಇರಬಾರದು. ಅವನು ಅದನ್ನು ಮೇಟ್ರನ್‌ಗೆ ಕಳಿಸಿದ, ಮೇಟ್ರನ್ ಲಿಖಿತ ಉತ್ತರ ಕೇಳಿದಳು. ರೇಖಾಳದು ಗುತ್ತಿಗೆ ಕೆಲಸ, ಈ ತಿಂಗಳ ಕೊನೆಗೆ ಮುಂದುವರಿಸುತ್ತಾರೋ ಇಲ್ಲವೋ ತೀರ್ಮಾನವಾಗುತ್ತದೆ ಎಂದು ಪಕ್ಕದ ಮಂಚದವಳು ಬೆಳಿಗ್ಗೆ ಹೇಳಿದ್ದಳು, ಕಾತ್ಯಾಯನಿಗೆ ಅದು ಸಂದೇಶ ಬರೆಯುವಾಗ ನೆನಪಿತ್ತು, ನೆನಪಿದ್ದೇ ಬರೆದಳು. ಬಾಗಿಲ ಹತ್ತಿರ ಹೋದ ರೇಖಾ ತಿರುಗಿದಳು, ದೀದಿ, ಏಕ್ ಬಾರ್ ಅಪನೀ ಆಂಖ್ ಸೇ ಗಿನ್ ಲೀಜಿಯೇ, ಬಸ್ ಏಕ್ ಮಿನಟ್, ಆಪ್ ಕೇ ಬಾಬೂಜೀ ಹೈಂ. ಹೋದಳು. ಒಂದು ನಿಮಿಷ ಸ್ವಂತ ಕಣ್ಣಿನಿಂದ ಎಣಿಸಬೇಕಂತೆ, ನಿಮ್ಮ ಅಪ್ಪ ತಾನೇ ಅಂತೆ. ಕಣ್ಣನ್ನು ನಂಬುವುದಾದರೆ ಮೂರು ವರ್ಷ ಯಂತ್ರ ಯಾಕೆ ಕಟ್ಟಬೇಕಿತ್ತು, ಕಣ್ಣು ರೆಪ್ಪೆ ಬಡಿಯುತ್ತದೆ, ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ, ಇವಳ ಮಾತಿಗೆ ಎಣಿಸಲು ಕೂತರೆ ಯಂತ್ರವನ್ನು ತಾನೇ ಅನುಮಾನಿಸಿದ ಹಾಗೆ.

ಅವಳು ಎಣಿಸಲಿಲ್ಲ, ಲ್ಯಾಪ್‌ಟಾಪ್ ತೆರೆದಳು. ರೇಖಾ ಮೇಟ್ರನ್ ಮುಂದೆ ಕೂತು ಏನೇನು ಕಥೆ ಕಟ್ಟುತ್ತಾಳೋ, ಅಷ್ಟರೊಳಗೆ ಲಾಗು ಅಲ್ಲಿಗೆ ತಲುಪಬೇಕು, ಮೂರು ಸಲ ಚಕ್ರ ತಿರುಗಿದ ನಿಮಿಷಗಳಿಗೆ ಕೆಂಪು ಬಣ್ಣ ಬಳಿದು ಕಳಿಸಿಬಿಡಬೇಕು. ಸಾಲುಗಳು ಇಳಿದವು, ಒಂದೊಂದು ಸಾಲಿಗೆ ಒಂದೊಂದು ಇಂಟರಪ್ಟ್, ಎದುರಿಗೆ ಹಿಂದಿನದಕ್ಕೂ ಅದಕ್ಕೂ ನಡುವಿನ ಅಂತರ. ಅರವತ್ತು ಹನಿಯಾದರೆ ಸೆಕೆಂಡಿಗೊಂದು, ಎಲ್ಲ ಸಾಲಿನಲ್ಲೂ ಹೆಚ್ಚುಕಡಿಮೆ ಒಂದು ಸೆಕೆಂಡ್ ಇರಬೇಕು. ಇರಲಿಲ್ಲ. ಸೆಕೆಂಡಿನ ನೂರರಲ್ಲಿ ಎರಡು ಪಾಲು, ಆಮೇಲೆ ಒಂದು ಸೆಕೆಂಡಿನ ಮೇಲೆ ತೊಂಬತ್ತೆಂಟು ಪಾಲು, ಮತ್ತೆ ನೂರರಲ್ಲಿ ಎರಡು, ಮತ್ತೆ ಒಂದು ಸೆಕೆಂಡಿನ ಮೇಲೆ ತೊಂಬತ್ತೆಂಟು, ಜೋಡಿ ಜೋಡಿ, ಒಂಬತ್ತು ನಾಲ್ಕರಿಂದ ಹಿಡಿದು ಈ ಕ್ಷಣದವರೆಗೆ ಎಲ್ಲವೂ ಜೋಡಿ. ಆಸ್ಪತ್ರೆಯ ಇನ್ವರ್ಟರಿನ ತರಲೆ ಇರಬೇಕು ಎಂದುಕೊಂಡಳು, ಆದರೆ ಇನ್ವರ್ಟರು ಹನಿಯ ಜೊತೆ ತಾಳ ಹಾಕುವುದಿಲ್ಲ. ನಿನ್ನೆ ಯಂತ್ರವನ್ನು ಸುಜಯ್ ಕೋಣೆಯಲ್ಲಿ ಹತ್ತು ನಿಮಿಷ ಬಿಟ್ಟಿದ್ದಳು, ಹತ್ತು ನಿಮಿಷದಲ್ಲಿ ಏನು ಬೇಕಾದರೂ ಮಾಡಬಹುದು, ಮಾಡಿದ್ದರೆ ಗುರುತು ಉಳಿಯುತ್ತದೆ, ಡ್ರೈವರ್ ಕೊನೆಯ ಸಲ ಯಾವಾಗ ಬದಲಾಗಿದೆ ನೋಡಿದಳು, ಭಾನುವಾರ ಹನ್ನೊಂದು ಹತ್ತು, ಬದಲಾಯಿಸಿದವರು ಕಾತ್ಯಾಯನಿ. ಫೋನು ನಡುಗಿತು, ಅಮ್ಮ, ಕಾತೀ, ಅಪ್ಪಂಗೆ ಒಂದಕ್ಕೆ ಹೋಯ್ತಾ, ಇಲ್ಲಮ್ಮ, ಬಾಟ್ಲಿ ಸರಿಯಾಗಿ ಹೋಗ್ತಿದ್ಯಾ, ಹೋಗ್ತಿದೆ, ನೀನು ನೋಡ್ತಾ ಇದ್ದೀಯಲ್ಲ, ನೋಡ್ತಾ ಇದ್ದೀನಮ್ಮ, ಎಂದು ಫೋನು ಇಟ್ಟಳು. ಅಮ್ಮ ವನಮಾಲಾ ಮನೆಯಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತ ಕೂತಿರುತ್ತಾಳೆ, ಮಗಳ ಯಂತ್ರ ಇದೆ ಎಂಬ ಧೈರ್ಯದಲ್ಲಿ ಆಸ್ಪತ್ರೆಗೆ ಬಂದಿಲ್ಲ.

ಅಪ್ಪನ ಕಣ್ಣು ತೆರೆದಿತ್ತು. ಯಾವಾಗಿನಿಂದಲೋ ತೆರೆದಿತ್ತು, ಕೊಳವೆಯ ಗುಳ್ಳೆಯನ್ನೇ ನೋಡುತ್ತಿದ್ದರು, ಹೊದಿಕೆಯ ಮೇಲಿನ ಬಲಗೈಯಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ನಡೆಯುತ್ತಿತ್ತು, ಮಣಿಯಿಲ್ಲದಾಗ ಜಪ ಎಣಿಸುವ ರೀತಿ, ಜ್ವರದ ಕನವರಿಕೆ ಎಂದುಕೊಂಡು ಕಾತ್ಯಾಯನಿ ಹಣೆ ಮುಟ್ಟಿದಳು, ಜ್ವರವಿಲ್ಲ. ಹೆಬ್ಬೆರಳು ಸರಿಯುತ್ತದೆ, ಕೂಡಲೇ ಇನ್ನೊಮ್ಮೆ ಸರಿಯುತ್ತದೆ, ನಿಲ್ಲುತ್ತದೆ. ಹನಿ ಕೂಡುತ್ತದೆ, ತುಂಬುತ್ತದೆ, ತೂಗುತ್ತದೆ, ಬಿಡುತ್ತದೆ — ಒಂದು ಗೆಣ್ಣು, ಕೆಳಗಿನ ನೀರನ್ನು ಮುಟ್ಟುತ್ತದೆ — ಇನ್ನೊಂದು ಗೆಣ್ಣು. ಅಪ್ಪ, ಏನು ಎಣಿಸ್ತಿದ್ದೀರಿ ಎಂದು ಕೇಳಿದಳು, ಕೇಳಿದ ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. ತುಟಿ ಒಣಗಿ ಅಂಟಿತ್ತು, ಅದನ್ನು ಬಿಡಿಸಿಕೊಂಡು ಭಟ್ಟರು ಧಾರೆ ಅಂದರು, ಮತ್ತೆ ಸುಧಾರಿಸಿಕೊಂಡು, ಹನಿಗೆ ಎರಡಲ್ವೇನೇ, ಬಿಟ್ಟಾಗ ಒಂದು, ಮುಟ್ಟಿದಾಗ ಒಂದು, ಅಜ್ಜ ಕಲಿಸಿದ್ದು ಹಾಗೇ, ಬಿಟ್ಟದ್ದು ನಮ್ಮ ಲೆಕ್ಕ, ಮುಟ್ಟಿದ್ದು ಅವನ ಲೆಕ್ಕ, ಈ ಧಾರೆ ತುಂಬ ನಿಧಾನ ಮಗಾ, ಯಾರು ಕಟ್ಟಿದ್ದು ಇದನ್ನ. ಹನಿಗೆ ಎರಡು ಮಣಿ. ನೂರೆಂಟು ಮಣಿಗೆ ಐವತ್ತನಾಲ್ಕು ಹನಿ. ಯಂತ್ರ ಅಂದು ಸರಿಯಾಗಿಯೇ ಎಣಿಸಿತ್ತು, ಒಂದನ್ನೂ ನುಂಗಿರಲಿಲ್ಲ, ಅವಳು ಅದರ ಕೈಹಿಡಿದು ತಪ್ಪು ಕಲಿಸಿದಳು, ಬೆಳಕು ಹೋದಾಗ ಒಂದು, ಬಂದಾಗ ಒಂದು, ಹನಿಗೆ ಎರಡು. ಕರ್ನಲ್ಲನ್ನು, ಅಂಗಡಿಯವನನ್ನು, ಸುಜಯ್‌ನನ್ನು, ರೇಖಾಳನ್ನು, ರಬ್ಬರ್ ಮುಚ್ಚಳವನ್ನೂ ಬಿಡದೆ ಅನುಮಾನಿಸಿದವಳು ಅಪ್ಪನ ಜಪಮಣಿಯನ್ನೊಂದು ಅನುಮಾನಿಸಲಿಲ್ಲ, ಎಷ್ಟಾಯ್ತು ಎಂದು ಕೇಳಿದಳೇ ಹೊರತು ಹೇಗೆ ಎಣಿಸಿದಿರಿ ಎಂದು ಕೇಳಲಿಲ್ಲ, ಹುಟ್ಟಿದಾಗಿನಿಂದ ಅದೇ ದೇವರ ಕೋಣೆಯ ಮುಂದೆ ಓಡಾಡಿದ್ದರೂ ಆ ಹೆಬ್ಬೆರಳನ್ನು ಒಂದು ದಿನ ನಿಂತು ನೋಡಿರಲಿಲ್ಲ.

ಯಂತ್ರ ಅರವತ್ತು ಎನ್ನುತ್ತದೆ, ಅಂದರೆ ಮೂವತ್ತು. ರೇಖಾ ಗಡಿಯಾರ ಹಿಡಿದು ನಿಜ ಅರವತ್ತು ಮಾಡಿದಾಗಲೆಲ್ಲ ಅದು ನೂರಾಇಪ್ಪತ್ತು ಎಂದು ಕೂಗಿತು, ಕೂಗಿದಾಗಲೆಲ್ಲ ಓಡಿಬಂದು ಮೂವತ್ತಕ್ಕೆ ಇಳಿಸಿದ್ದು ಯಾರು, ಚಕ್ರದ ಮೇಲೆ ಯಾರ ಹೆಬ್ಬೆರಳು, ಮೂರು ಸಲ. ಬಾಟಲಿ ಮುಗಿಯದಿದ್ದದ್ದು ಅದಕ್ಕೆ, ಚೀಲ ತುಂಬದಿದ್ದದ್ದು ಅದಕ್ಕೆ, ಚಿವುಟಿದ ಚರ್ಮ ಎತ್ತಿದ ಹಾಗೇ ನಿಂತದ್ದು ಅದಕ್ಕೆ. ಹೆದರಿಕೆ, ಅಪ್ಪಟ ಹೆದರಿಕೆ, ಸಮ್ಮೇಳನದ ಹಿಂದಿನ ಸಾಲಿನಲ್ಲೂ ಹೀಗೆ ಆಗಿರಲಿಲ್ಲ, ಎದ್ದರೆ ಕುರ್ಚಿ ಹಿಂದಕ್ಕೆ ಬಿತ್ತು, ಚಕ್ರವನ್ನು ಮೇಲಕ್ಕೆ ತಳ್ಳಿದಳು, ಎಷ್ಟು ತಳ್ಳಬೇಕು, ಒಂದೇ ಸಲ ತೆರೆದುಬಿಟ್ಟರೆ ಹೃದಯ, ಅರವತ್ತು, ನಿಜ ಅರವತ್ತು, ಅಂಕಿ ಎಂಬತ್ತಾಯಿತು, ನೂರಾಯಿತು, ಯಂತ್ರ ಕೆಂಪಾಗಿ ಕೂಗತೊಡಗಿತು, ಪಕ್ಕದ ಮಂಚದವಳು ಎದ್ದು ಕೂತಳು, ಕೂಗಲಿ, ನೂರಾಇಪ್ಪತ್ತು ಎಂದ ಮೇಲೆ ಕೈ ನಿಲ್ಲಿಸಿ, ಕೊಳವೆಯನ್ನು ಕಚ್ಚಿದ್ದ ಯಂತ್ರವನ್ನು ಕಿತ್ತು ಮಂಚದ ಮೇಲೆ ಹಾಕಿದಳು. ಕೂಗು ಕೇಳಿ ಚಪ್ಪಲಿ ಓಡಿ ಬಂತು, ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ರೇಖಾಳ ಕೈಯಲ್ಲಿ ಅರ್ಧ ಬರೆದ ಕಾಗದ ಇತ್ತು, ಮಂಚದ ಮೇಲಿನ ಯಂತ್ರ ನೋಡಿದಳು, ಚಕ್ರ ನೋಡಿದಳು, ಕಾತ್ಯಾಯನಿಯ ಮುಖ ನೋಡಿದಳು. ತೀಸ್ ಥಾ, ಎಂದಳು ಕಾತ್ಯಾಯನಿ, ಆಪ್ ಸಹೀ ಥೀಂ, ಗಲತೀ ಮೇರೀ ಹೈ, ಮೇಟ್ರನ್ ಕೋ ಮೈಂ ಬೋಲೂಂಗೀ — ಇದ್ದದ್ದು ಮೂವತ್ತೇ, ನೀವೇ ಸರಿ, ತಪ್ಪು ನನ್ನದು, ಮೇಟ್ರನ್‌ಗೆ ನಾನೇ ಹೇಳುತ್ತೇನೆ. ರೇಖಾ ಕಾಗದ ಮಡಚಿ ಜೇಬಿಗೆ ಹಾಕಿ, ಸುಜಯ್‌ಗೆ ಫೋನು ಹಚ್ಚಿ ಕಿವಿಗೆ ಹಿಡಿದು, ಗಡಿಯಾರ ಬಿಚ್ಚಿ ಕಾತ್ಯಾಯನಿಯ ಕೈಗೆ ಕೊಟ್ಟಳು, ಗಿನಿಯೇ, ಎಣಿಸಬೇಕಂತೆ, ಅವಳು ಇನ್ನೊಂದು ಬಾಟಲಿ ತರುತ್ತಾಳಂತೆ, ಮತ್ತೆ ಹೋಗುತ್ತ ಹೋಗುತ್ತ, ಡಾಕ್ಟರ್ ಸಾಹಬ್ ಪೂಛೇಂಗೇ, ಕಬ್ ಸೇ.

ಯಾವಾಗಿನಿಂದ, ಎಂದು ಡಾಕ್ಟರು ಕೇಳುತ್ತಾರಂತೆ. ಅದು ಗೊತ್ತು, ಅವಳಿಗೆ ಗೊತ್ತಿರುವಷ್ಟು ನಿಖರವಾಗಿ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಒಂಬತ್ತು ಗಂಟೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು, ಅದರ ಮುಂದೆ ಆರು ಅಂಕಿ, ಅಲ್ಲಿಂದ ಇಲ್ಲಿಗೆ ನಾಲ್ಕೂಕಾಲು ಗಂಟೆ, ಬೇಕಿದ್ದುದರ ಅರ್ಧದಷ್ಟೇ ಹನಿ, ನಾಲ್ಕಕ್ಕೆ ಇನ್ನು ಎರಡೂ ಮುಕ್ಕಾಲು, ಅಷ್ಟರಲ್ಲಿ ಕಿಡ್ನಿ ಏಳುತ್ತದೋ ಇಲ್ಲವೋ, ಎದ್ದರೆ — ಏಳದಿದ್ದರೆ ಅಮ್ಮನಿಗೆ ಏನು ಹೇಳುವುದು, ನೋಡ್ತಾ ಇದ್ದೀನಮ್ಮ, ಇದರಲ್ಲಿ ಬೇರೆ ಯಾರದ್ದಾದರೂ ತಪ್ಪು ಇರಬಹುದೇ ಎಂದು ಮನಸ್ಸು ಹಳೆಯ ಚಾಳಿಗೆ ಒಂದು ಸುತ್ತು ಹುಡುಕಿ ಬಂತು, ಯಾರೂ ಸಿಗಲಿಲ್ಲ, ಚಕ್ರದ ಮೇಲೆ ತನ್ನ ಬೆರಳು, ಸಾಲಿನಲ್ಲಿ ತನ್ನ ಗೆರೆ, ಲಾಗಿನಲ್ಲಿ ತನ್ನ ಹೆಸರು. ಅಪ್ಪ ಮತ್ತೆ ಕಣ್ಣು ಮುಚ್ಚಿದ್ದಾರೆ, ಹೆಬ್ಬೆರಳು ನಿಂತಿದೆ, ನಿದ್ದೆ ಇರಬೇಕು, ನಿದ್ದೆಯೇ ಇರಲಿ, ಗಡಿಯಾರದ ಮುಳ್ಳು ಕುಂಟುತ್ತ ಸರಿಯುತ್ತಿದೆ, ಎಣಿಸಬೇಕು, ಅರವತ್ತು, ಒಂದು ನಿಮಿಷ, ಕಣ್ಣಿನಿಂದ, ಗುಳ್ಳೆಯ ತುದಿಯಲ್ಲಿ ಹನಿ ಕೂಡುತ್ತಿದೆ, ಬಿಟ್ಟಿತು, ಒಂದು — ಮುಟ್ಟಿತು — ಒಂದೇ, ಅದು ಒಂದೇ, ಮುಂದಿನದು ಕೂಡುತ್ತಿದೆ, ತುಂಬುತ್ತಿದೆ, ತೂಗುತ್ತಿದೆ